ಮುಟ್ಟಿದರೆ ಅಪರಾಧ, ಬಿದ್ದರೆ ನಡೆಯುತ್ತದೆ

ಊರಿಂದ ಬೀಗರು ಬಂದರೆ ಪುಣೆಯ ಕನ್ನಡಿಗರು ಮೊದಲು ಕರೆದೊಯ್ಯುವುದು ಶನಿವಾರವಾಡೆಗೆ. ದಿಲ್ಲಿ ದರವಾಜೆಯ ಚೂಪು ಮೊಳೆಗಳನ್ನು ತೋರಿಸಿ, ಆನೆ ಹಣೆ ಕೊಟ್ಟು ದೂಡದಿರಲೆಂದು ಬಡಿದದ್ದು ಎಂದು ವಿವರಿಸಿ, ಟಿಕೀಟು ತೆಗೆಸಿ ಒಳಗೆ ಬಿಟ್ಟರೆ, ಬೀಗರು ಸುತ್ತ ಕಣ್ಣಾಡಿಸಿ ಕೇಳುತ್ತಾರೆ: “ಕ್ವಾಟಿ ಗ್ವಾಡಿ ಛಲೋ ಅದಾವ್ರಿ. ವಾಡೆ ಎಲ್ಲೈತಿ?” ವಾಡೆ ಅಂದರೆ ದೊಡ್ಡ ಮನೆ; ದೇಸಾಯರ ವಾಡೆಗಳನ್ನು ಕಂಡ ಕಡೆಯವರು, ಕೇಳಿದ್ದು ನ್ಯಾಯವೇ. 1732ರಲ್ಲಿ ಎದ್ದ, ಮರಾಠರ ಪ್ರಧಾನಿ ಪೇಶ್ವೆಯ ಮನೆ 1828ರ ಬೆಂಕಿಯಲ್ಲಿ ಹೋಯಿತು. ಈಗ ಉಳಿದದ್ದು ಕೋಟೆಗೋಡೆ, ಬಾಗಿಲುಗಳು, ನಗಾರಖಾನೆ, ಕಲ್ಲಿನ ಅಡಿಪಾಯ, ಕಾರಂಜಿ, ಹುಲ್ಲು.

ಈ ಇಲ್ಲದ ಮನೆಯನ್ನು ಕಾಯಲು ಇರುವ ಕಾನೂನು ಗಟ್ಟಿಯಾದದ್ದು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ. ನಿಷೇಧಿತ ಗೆರೆಯೊಳಗೆ ಹೊಸ ಮನೆ ಕಟ್ಟುವ ಹಾಗಿಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಿಕೊಳ್ಳಬಹುದು. ಕಾನೂನನ್ನು ಬೈಯುವಂತಿಲ್ಲ, ಅದಿಲ್ಲದಿದ್ದರೆ ದಿಲ್ಲಿ ದರವಾಜೆಗೆ ಬೆನ್ನು ಹಚ್ಚಿ ಮಾಲ್ ಎದ್ದಿರುತ್ತಿತ್ತು. ಆದರೆ ಬಯಲಿನ ಗುಡಿಗೆ ಹೊಂದುವ ಟೇಪನ್ನು ಪೇಠೆಯ ನಡುವೆ ಹಿಡಿದಾಗ, ಆ ಗೆರೆಯೊಳಗೆ ಜನ ಒಲೆ ಹಚ್ಚುವ, ಬಟ್ಟೆ ಒಣಹಾಕುವ ನಿಜವಾದ ಹಳೆ ವಾಡೆಗಳೂ ಸಿಕ್ಕಿಬಿದ್ದವು.

ಅವುಗಳ ಒಳಗಿನ ಸಂಗತಿ ಹೀಗಿದೆ. ಪುಣೆಯ ವಾಡೆಯಲ್ಲಿ ಭಾರ ಹೊರುವುದು ಗೋಡೆಯಲ್ಲ, ಸಾಗವಾನಿಯ ಕಂಬ ಮತ್ತು ತೊಲೆ. ಗೋಡೆ ಅವುಗಳ ನಡುವೆ ಇಟ್ಟಿಗೆ, ಮಣ್ಣು ತುಂಬಿದ್ದು. ಕಂಬ ಕಲ್ಲಿನ ಪೀಠದ ಮೇಲೆ ಕೂತಿರುತ್ತದೆ, ನೆಲದ ತೇವ ಮರಕ್ಕೆ ಏರಬಾರದೆಂದು. ಬಾಡಿಗೆದಾರರು ಹೆಚ್ಚಿದಂತೆ ಆ ಪೀಠವೂ ಮುಳುಗುವ ಹಾಗೆ ಸಿಮೆಂಟಿನ ನೆಲ ಬಂತು, ಮೇಲಿನ ಅಟ್ಟದಲ್ಲಿ ಬಚ್ಚಲು ಬಂತು. ಕಂಬ ಬುಡದಿಂದ ಕೊಳೆಯಿತು, ತೊಲೆ ಗೋಡೆಯೊಳಗೆ ಸೇರುವ ತುದಿಯಿಂದ. ಎರಡೂ ಕಣ್ಣಿಗೆ ಬೀಳದ ಜಾಗ. ಬಣ್ಣ ಬಳಿದ ಕಂಬವನ್ನು ಬುಡದಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಬೆಣ್ಣೆಗೆ ಇಳಿದಂತೆ ಇಳಿದರೆ ಆ ಕಂಬ ನಿಂತಿರುವುದು ಅಭ್ಯಾಸಬಲದಿಂದ.

ಮದ್ದು ಇದೆ, ಅಪರೂಪದ್ದೂ ಅಲ್ಲ. ತೊಲೆಗೆ ಕೆಳಗಿನಿಂದ ಜ್ಯಾಕ್ ಕೊಟ್ಟು ಭಾರ ಎತ್ತಬೇಕು, ಒಮ್ಮೆಲೇ ಅಲ್ಲ, ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ. ಅವಸರಪಟ್ಟರೆ ಮೇಲಿನ ಗೋಡೆ ಸೀಳುತ್ತದೆ. ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೂ ಕೊಯ್ದು, ಓರೆ ಕಚ್ಚು ಹಾಕಿ, ಒಣಗಿದ ಸಾಗವಾನಿಯ ತುಂಡನ್ನು ಜೋಡಿಸಬೇಕು. ಹಸಿ ಮರ ಹಾಕಿದರೆ ಅದು ಒಣಗಿ ಕುಗ್ಗಿ ಜೋಡಣೆ ಸಡಿಲವಾಗುತ್ತದೆ. ಇಷ್ಟನ್ನೂ ಮಾಡಲು ಬಲ್ಲ ಬಡಗಿ ಸಿಗುತ್ತಾನೆ, ಮರವೂ ಸಿಗುತ್ತದೆ. ಸಿಗದಿರುವುದು ಕಾಗದ.

ಕಾಗದ ಬರುವುದರೊಳಗೆ ಇನ್ನೊಂದು ಕಾಗದ ಬರುತ್ತದೆ. ಮಳೆಗಾಲ ಹತ್ತಿರವಾದರೆ ಪಾಲಿಕೆ ಶಿಥಿಲ ವಾಡೆಗಳ ಬಾಗಿಲಿಗೆ ನೋಟೀಸು ಅಂಟಿಸುತ್ತದೆ. ತೀರಾ ಅಪಾಯದ ಮನೆ ಸಿ-1, ಅಂದರೆ ತಕ್ಷಣ ಖಾಲಿ ಮಾಡಿ ಕೆಡವಿ. ಕೆಡವಿದ ಜಾಗದಲ್ಲಿ ಮತ್ತೆ ಕಟ್ಟುವ ಹಾಗಿಲ್ಲ ಎನ್ನುವುದು ಬೇರೆ ಇಲಾಖೆಯ ವಿಷಯ, ಬೇರೆ ಟೇಬಲ್ಲು. ಬಾಡಿಗೆದಾರ ಹೊರಬಿದ್ದರೆ ಹಕ್ಕು ಹೋಗುತ್ತದೆಂದು ಹೆದರಿ ಅಲ್ಲೇ ಕೂರುತ್ತಾನೆ. ಮಾಲೀಕನಿಗೆ ತಿಂಗಳಿಗೆ ಬರುವ ಬಾಡಿಗೆಯಲ್ಲಿ ಒಂದು ಚಹಾ ಬರುತ್ತದೆ, ಬನ್ ಮಸ್ಕಾ ಬರುವುದಿಲ್ಲ, ಅವನೂ ಕೂರುತ್ತಾನೆ. ಮುಟ್ಟಿದರೆ ಅಪರಾಧ, ತಾನಾಗಿ ಬಿದ್ದರೆ ಪ್ರಕೃತಿ ವಿಕೋಪ. 1773ರಲ್ಲಿ ಕೊಲೆಯಾಗುವಾಗ ನಾರಾಯಣರಾವ್ ಪೇಶ್ವೆ “ಕಾಕಾ ಮಲಾ ವಾಚವಾ” (ಕಾಕಾ, ನನ್ನನ್ನು ಉಳಿಸಿ) ಎಂದು ಕೂಗಿದ ದನಿ ಹುಣ್ಣಿಮೆಗೆ ಶನಿವಾರವಾಡೆಯೊಳಗಿಂದ ಕೇಳುತ್ತದೆಂದು ಪ್ರತೀತಿ. ಗೋಡೆಯಾಚೆಯ ಪೇಠೆಯಲ್ಲಿ ಜೂನ್ ಬಂದರೆ ದಿನಾ ಕೇಳುತ್ತದೆ, ಅದಕ್ಕೆ ಟಿಕೀಟಿಲ್ಲ.

ಇನ್ನು ಅನುದಾನ ಸಿಕ್ಕ ಅದೃಷ್ಟವಂತ ಮನೆಗಳ ಗತಿ. ಅಲ್ಲಿ ಕೆಲಸಕ್ಕೆ ಬರುವವರು ವಿಜಯಪುರ, ಕಲಬುರಗಿ ಕಡೆಯ ಗೌಂಡಿಗಳು. ಹಳಬನೊಬ್ಬ ಗೋಡೆ ಸವರಿ ಹೇಳುತ್ತಾನೆ: “ಸಾಹೇಬ್ರ, ಮಣ್ಣಿನ ಗ್ವಾಡಿಗಿ ಸಿಮೆಂಟ್ ಹಚ್ಚಬ್ಯಾಡ್ರಿ, ಉಸುರು ಕಟ್ಟತೈತಿ.” ಅವನು ಕೇಳುವುದು ಗಾರೆ: ಸುಣ್ಣ ಅರಳಿಸಿ ಎರಡು ಮೂರು ವಾರ ನೀರಲ್ಲಿ ಬಿಟ್ಟು, ಒಂದು ಪಾಲಿಗೆ ಮೂರು ಪಾಲು ಮರಳು ಮತ್ತು ಇಟ್ಟಿಗೆಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಅರೆದದ್ದು. ಒಂದು ಪದರು 12 ಮಿಲಿಮೀಟರು ಮೀರಬಾರದು, ದಿನಗಟ್ಟಲೆ ಒದ್ದೆ ಗೋಣಿತಟ್ಟು ಹೊದಿಸಿರಬೇಕು. ಗುತ್ತಿಗೆದಾರನ ಉತ್ತರ ಸಿದ್ಧ: “ಕಾಕಾ, ನಿಮ್ಮ ಸುಣ್ಣ ಅರಳೂದ್ರಾಗ ಮಾರ್ಚ್ ಮುಗಿದಿರ್ತೈತಿ.”

ಹಾಗಾಗಿ ಸಿಮೆಂಟು. ಎರಡು ದಿನದಲ್ಲಿ ಗೋಡೆ ನುಣುಪು, ಬಿಲ್ಲು ಪಾಸು, ಕೆಳಗಿನಿಂದ ನೇರಳೆ ಬಣ್ಣದ ಎಲ್‌ಇಡಿ. ನೆಲದ ನೀರನ್ನು ಹೀರಿದ ಇಟ್ಟಿಗೆಗೆ ಅದನ್ನು ಹೊರಗೆ ಬಿಡಲು ದಾರಿಯಿಲ್ಲ. ಉಪ್ಪು ಗಿಲಾಯದ ಹಿಂದೆ ಹರಳುಗಟ್ಟಿ ಉಬ್ಬುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಸಿಮೆಂಟು ಹಪ್ಪಳೆ ಎದ್ದು ಬೀಳುತ್ತದೆ, ಬೀಳುವಾಗ ಇನ್ನೂರು ವರ್ಷ ತಡೆದುಕೊಂಡಿದ್ದ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಹೋಗುತ್ತದೆ. ಆಗ ಹೊಸ ಟೆಂಡರು. ಮತ್ತೆ ಸಿಮೆಂಟು, ಈ ಬಾರಿ ಸ್ವಲ್ಪ ದಪ್ಪ.

ಎಲ್ಲಕ್ಕಿಂತ ಚೊಕ್ಕ ಸಂರಕ್ಷಣೆ ಭಿಡೆ ವಾಡೆಯದು. 1848ರಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಬುಧವಾರ ಪೇಠೆಯ ಮನೆ. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಎಳೆದಾಡಿ, ಅಷ್ಟರಲ್ಲಿ ಉಳಿಸುವ ಸ್ಥಿತಿ ದಾಟಿ, 2023ರ ಡಿಸೆಂಬರಿನಲ್ಲಿ ಅದನ್ನು ಕೆಡವಲಾಯಿತು. ಕಾರಣ, ಅಲ್ಲೊಂದು ಸ್ಮಾರಕ ಆಗಬೇಕಿತ್ತು.

ಗೆರೆಯೊಳಗಿನವರ ದುರಸ್ತಿಗೂ ಕೊನೆಗೆ ಅನುಮತಿ ಸಿಗುತ್ತದೆನ್ನಿ. ಅದು ಬರುವುದು ಮೃಗಶಿರಾ ಮಳೆಯ ಜೊತೆಗೆ. ಸುರಿಯುವ ಮಳೆಯಲ್ಲಿ ಗಾರೆ ಹಿಡಿಯುವುದಿಲ್ಲ. ಗೌಂಡಿಗೆ ಫೋನ್ ಹಚ್ಚಿದರೆ ಅವನು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹೊಲದಲ್ಲಿ ತೊಗರಿ ಬಿತ್ತುತ್ತಿರುತ್ತಾನೆ: “ದೀಪಾವಳಿ ಆಗ್ಲಿ ಬರ್ತೀನ್ರಿ. ಅಲ್ಲೀತನಕ ಕಂಬಕ್ಕ ಯಾರೂ ಆನಿಕೊಂಡು ಕುಂದರಬ್ಯಾಡ್ರಿ.”