ರೈಲು ಹತ್ತದೆ ಗೆದ್ದ ಗವರ್ನರ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 1910ರ ಗವರ್ನರ್ ಚುನಾವಣೆ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅದರಲ್ಲಿ ಗೆದ್ದ ಹೈರಮ್ ಜಾನ್ಸನ್ ಪ್ರಚಾರ ಮಾಡಿದ ರೀತಿಯನ್ನು ಒಂದೇ ಸಾಲಲ್ಲಿ ಮುಗಿಸಿದ್ದು ನನಗೆ ಬೇಜಾರಾಯಿತು. ಆಗ ಆ ರಾಜ್ಯದ ರಾಜಕೀಯವೆಲ್ಲ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಹಿಡಿತದಲ್ಲಿತ್ತು. ಅದನ್ನು ರಾಜಕೀಯದಿಂದ ಒದ್ದೋಡಿಸುತ್ತೇನೆ ಅಂತ ಹೊರಟ ಮನುಷ್ಯ ಅದೇ ರೈಲು ಹತ್ತಿದರೆ ಹೇಗೆ? ಕಾರಿನಲ್ಲೇ ಊರೂರು ಸುತ್ತಿದರು. ಆ ಕಾಲದ ಮಣ್ಣುರಸ್ತೆ, ಮೈತುಂಬ ಧೂಳು. ಸುಮ್ನೆ ಮಾತಲ್ಲ ಅದು.

ಗೆದ್ದ ಮೇಲೂ ಮಾತು ಮರೆಯಲಿಲ್ಲ. 1911ರ ಅಕ್ಟೋಬರಿನಲ್ಲಿ, ಚುನಾಯಿತರನ್ನು ಮಧ್ಯದಲ್ಲೇ ಕೆಳಗಿಳಿಸುವ ಹಕ್ಕು ಜನರಿಗೆ ಸಿಕ್ಕಿತು. 2003ರಲ್ಲಿ ಗವರ್ನರ್ ಗ್ರೇ ಡೇವಿಸ್ ಕುರ್ಚಿ ಬಿಟ್ಟಿದ್ದು ಇದರಿಂದಲೇ. ಹೆಂಗಸರಿಗೆ ಮತದ ಹಕ್ಕು ಬಂದಿದ್ದೂ ಅದೇ ದಿನದ ಮತದಾನದಲ್ಲಿ, ತೀರಾ ಕೂದಲೆಳೆಯ ಅಂತರದಲ್ಲಿ.

ಆದರೆ ಒಂದು ವಿಷಯ ಲೇಖನದಲ್ಲಿ ಬರಲೇಬೇಕಿತ್ತು. 1913ರಲ್ಲಿ ಜಪಾನಿನಿಂದ ಬಂದ ರೈತರು ಜಮೀನು ಕೊಳ್ಳದಂತೆ ಮಾಡಿದ ಕಾನೂನಿಗೆ ಸಹಿ ಹಾಕಿದ್ದೂ ಇದೇ ಜಾನ್ಸನ್. ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದವರಿಗೆಲ್ಲ ಅದು ಅನ್ವಯಿಸುತ್ತಿತ್ತು; ಭಾರತೀಯರೂ ಅರ್ಹರಲ್ಲ ಅಂತ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪಂಜಾಬಿನಿಂದ ಹೋಗಿದ್ದ ನಮ್ಮವರಿಗೂ ತಟ್ಟಿತು. ತಾವೇ ಬೆವರು ಸುರಿಸಿ ಹದ ಮಾಡಿದ ಹೊಲವನ್ನು ಬೇರೆಯವರ ಹೆಸರಲ್ಲಿ ಇಟ್ಟುಕೊಳ್ಳಬೇಕಾಯಿತು. ಅವರ ಕಥೆಯನ್ನೂ ದಯವಿಟ್ಟು ಬರೆಯಿರಿ.