ಉತ್ತರ ಸಿಗದವರೂ ಸಾಕ್ಷಿ ಹೇಳಲಿ

ಅಮ್ಮನಿಗೆ ಪಾರ್ಶ್ವವಾಯು ಬಡಿದು ಮೊನ್ನೆಗೆ ನಾಲ್ಕು ವರ್ಷ ತುಂಬಿತು. ಬಲಗೈ, ಬಲಗಾಲು ಅಂದೇ ಸ್ವಾಧೀನ ತಪ್ಪಿದವು, ಮಾತು ಮರಳಲಿಲ್ಲ. ಬೆನ್ನಿಗೆ ಹುಣ್ಣಾಗದಂತೆ ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕು. ಮೊದಲ ವರ್ಷ ಆ ಹೊತ್ತಿನಲ್ಲಿ ನಾನು ದೀರ್ಘವಾಗಿ ಪ್ರಾರ್ಥಿಸುತ್ತಿದ್ದೆ, ವಾಗ್ದಾನದ ವಚನಗಳನ್ನು ಒಂದೊಂದಾಗಿ ದೇವರಿಗೆ ನೆನಪಿಸುತ್ತಿದ್ದೆ. ಈಗ ಬೆನ್ನಿಗೆ ದಿಂಬು ಒತ್ತರಿಸುತ್ತಾ "ಕರ್ತನೇ, ಇನ್ನೂ ಎಷ್ಟು ದಿನ?" ಎಂದಷ್ಟೇ ಕೇಳುತ್ತೇನೆ. ನನ್ನ ಪ್ರಾರ್ಥನೆ ಬತ್ತಿಹೋಗಿದೆ ಎಂದು ಬಹುಕಾಲ ಅಂದುಕೊಂಡಿದ್ದೆ.

ಆ ಅನಿಸಿಕೆಯನ್ನು ಬದಲಿಸಿದ್ದು ಅಮ್ಮನ ಸತ್ಯವೇದ, ಅಂದರೆ ಬೈಬಲ್. ಅದರಲ್ಲಿ 13ನೆಯ ಕೀರ್ತನೆಯ ಅಂಚಿಗೆ ಪೆನ್ಸಿಲಿನಲ್ಲಿ ಬರೆದ ಏಳು ತಾರೀಖುಗಳಿವೆ. ಒಂದು ಅಪ್ಪನ ಕೆಲಸ ಹೋದ ತಿಂಗಳದ್ದು, ಇನ್ನೊಂದು ಅಕ್ಕನ ಮಗು ಹುಟ್ಟಿ ತೀರಿಕೊಂಡ ವಾರದ್ದು. ಉಳಿದ ಐದು ಯಾವ ಸಂಕಟದವೋ, ಕೇಳಿದರೆ ಹೇಳಲು ಈಗ ಅವರಿಗೆ ಮಾತಿಲ್ಲ. ಆರೇ ವಚನಗಳ ಆ ಕೀರ್ತನೆಯ ಮೊದಲ ಎರಡು ವಚನಗಳಲ್ಲಿಯೇ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಪ್ರಾರ್ಥನಾ ಕೂಟಗಳಲ್ಲಿ ಸದಾ ಸ್ತೋತ್ರ ಹೇಳುತ್ತಿದ್ದ ಅಮ್ಮ, ಮನೆಯಲ್ಲಿ ಒಬ್ಬರೇ ಕುಳಿತು ದೇವರನ್ನು ಹೀಗೆ ವಿಚಾರಿಸಿಕೊಳ್ಳುತ್ತಿದ್ದರೆಂಬುದು ನನಗೆ ತಿಳಿದೇ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ಏಳುವವರೆಲ್ಲ ಉತ್ತರ ಪಡೆದವರು. ವೀಸಾ ಬಂತು, ಗಡ್ಡೆ ಕರಗಿತು, ಮಗಳಿಗೆ ಸಂಬಂಧ ಕೂಡಿಬಂತು. ಅವರ ಸಂತೋಷ ನನ್ನದೂ ಹೌದು. ಆದರೆ ಇನ್ನೂ ಕಾಯುತ್ತಿರುವವರು ಎದ್ದು ಏನು ಹೇಳಬೇಕು? ಅವರು ಹಿಂದಿನ ಸಾಲಿಗೆ ಸರಿಯುತ್ತಾರೆ, ಬರಬರುತ್ತಾ ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ. ನಮ್ಮ ಮನೆಗೆ ಬಂದಿದ್ದ ಕೂಟದ ಸಹೋದರರೊಬ್ಬರು ಅಮ್ಮನ ಮಂಚದ ಪಕ್ಕದಲ್ಲಿಯೇ ನಿಂತು, ಈ ಮನೆಯಲ್ಲಿ ಯಾರಿಗೋ ವಿಶ್ವಾಸ ಸಾಲದು ಎಂದರು. ಅಮ್ಮನಿಗೆ ಮಾತು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ.

ಶೀಲೋವಿನಲ್ಲಿ ಯಾಜಕನಾದ ಏಲಿ ಮಾಡಿದ್ದೂ ಇಂಥದೇ ತಪ್ಪು. ಮಕ್ಕಳಿಲ್ಲದ ಕೊರಗಿನಲ್ಲಿ ವರ್ಷವರ್ಷವೂ ಅತ್ತು ಊಟ ಬಿಟ್ಟ ಹನ್ನಳು ಪ್ರಾರ್ಥಿಸುವಾಗ ತುಟಿ ಅಲ್ಲಾಡುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಆಕೆ ಕುಡಿದಿದ್ದಾಳೆಂದು ತಿಳಿದು ಆತ ಗದರಿದ. ಆದರೂ ಆಕೆ ತನ್ನ ದುಃಖವನ್ನು ವಿವರಿಸಿದಾಗ ಕೂಡಲೇ ತಿದ್ದಿಕೊಂಡು ಹರಸಿದ. ಅಷ್ಟರಮಟ್ಟಿಗೆ ಏಲಿ ನಮಗಿಂತ ಮೇಲು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, ಬೇಸರಪಡದೆ ಪ್ರಾರ್ಥಿಸಬೇಕೆಂದು ಯೇಸು ಹೇಳಿದ, ನ್ಯಾಯಕ್ಕಾಗಿ ನ್ಯಾಯಾಧಿಪತಿಯನ್ನು ಮತ್ತೆ ಮತ್ತೆ ಕಾಡಿದ ವಿಧವೆಯ ಕಥೆಯನ್ನು, ಬಿಡದೆ ಕೇಳಿದರೆ ದೇವರೂ ಮಣಿಯುತ್ತಾನೆ ಎಂಬ ಧಾಟಿಯಲ್ಲಿ ಬೋಧಿಸುವವರಿದ್ದಾರೆ. ಆದರೆ ಅಲ್ಲಿನ ನ್ಯಾಯಾಧಿಪತಿ ಅನ್ಯಾಯಗಾರ, ದೇವರು ಅವನಂಥವನಲ್ಲ ಎಂಬುದೇ ಕಥೆಯ ತಿರುಳು. ನನ್ನನ್ನು ಹಿಡಿದಿಟ್ಟಿರುವುದು ಆ ಹೆಂಗಸು. ಆಕೆ ತನ್ನನ್ನು ದಣಿಸಿಬಿಡುತ್ತಾಳೆ ಎಂದು ನ್ಯಾಯಾಧಿಪತಿ ಗೊಣಗುವಲ್ಲಿ ಗ್ರೀಕ್ ಮೂಲ ಬಳಸುವ ಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದು ಎಂಬುದೇ ನೇರ ಅರ್ಥ. ಹಣವಿಲ್ಲ, ವಶೀಲಿಯಿಲ್ಲ, ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುವ ಹಟವೊಂದು ಮಾತ್ರ ಆಕೆಗಿತ್ತು. ರಾತ್ರಿ ಎರಡು ಗಂಟೆಗೆ ನನ್ನಲ್ಲಿ ಉಳಿದಿರುವುದೂ ಅಷ್ಟೇ.

ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ. ಕೃಪೆ ಸಾಕೆಂಬ ಉತ್ತರ ಬಂತು, ಶೂಲ ಹೋಗಲಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಯೇಸುವೂ ಮೂರು ಸಲ ಪ್ರಾರ್ಥಿಸಿದ, ಸಂಕಟದ ಪಾತ್ರೆ ತೊಲಗಲಿಲ್ಲ, ಜೊತೆಗಿದ್ದ ಶಿಷ್ಯರು ನಿದ್ದೆ ಹೋಗಿದ್ದರು. ವಿಶ್ವಾಸ ಸಾಲದು ಎಂದ ಆ ಸಹೋದರರ ಅಳತೆಗೋಲನ್ನು ಗೆತ್ಸೇಮನೆಯಲ್ಲಿ ಇಟ್ಟು ನೋಡುವ ಧೈರ್ಯ ನನಗಂತೂ ಇಲ್ಲ.

13ನೆಯ ಕೀರ್ತನೆ ಕೊನೆಗಾದರೂ ಹಾಡಿಗೆ ತಿರುಗುತ್ತದೆ. 88ನೆಯದು ಕತ್ತಲೆಯ ಮಾತಿನಲ್ಲಿಯೇ ನಿಂತುಬಿಡುತ್ತದೆ. ಆದರೂ ಇಸ್ರಾಯೇಲ್ಯರು ಅದನ್ನು ಕೈಬಿಡದೆ ಆರಾಧನೆಯ ಹಾಡುಗಳ ನಡುವೆ ಇರಿಸಿಕೊಂಡರು. ಈ ಶುಕ್ರವಾರದ ಕೂಟ ನಮ್ಮ ಮನೆಯಲ್ಲಿ, ಅಮ್ಮನ ಕೋಣೆಯ ಬಾಗಿಲು ತೆರೆದಿಟ್ಟೇ ನಡೆಯಲಿದೆ. 88ನೆಯ ಕೀರ್ತನೆಯನ್ನು ಪೂರ್ತಿ ಓದುತ್ತೇನೆಂದು ಸಭೆಯ ಪಾಲಕರಾದ ಅಯ್ಯನವರಿಗೆ ತಿಳಿಸಿದ್ದೇನೆ. ಒಳ್ಳೆಯದು ಎಂದರು, ಸ್ವಲ್ಪ ತಡೆದು, ಅದರ ನಂತರ ಯಾವ ಹಾಡು ಹಾಡೋಣ ಎಂದು ಕೇಳಿದರು. ಅದಿನ್ನೂ ತೀರ್ಮಾನವಾಗಿಲ್ಲ.