ದಣಿದವರಿಗೆ ಹುರುಪಿನ ಪಾಠ ಹೇಳಬೇಡಿ

ಭಾನುವಾರದಿಂದ ತಡೆದುಕೊಂಡಿದ್ದೇನೆ, ಇನ್ನು ಆಗುವುದಿಲ್ಲ. ಕಚೇರಿಯಲ್ಲಿ ದುಡಿದು ನಿದ್ದೆಗೆಟ್ಟು ಸೊರಗಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ನಿಮ್ಮಲ್ಲಿ ಹುರುಪೇ ಇಲ್ಲ" ಎಂದು ಗದರುವುದು ಅನ್ಯಾಯ. ಗದರುವವರು ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ಅನ್ಯಾಯವೇ.

ನಾನು ಸಾಗರದ ಕಡೆ ದೈಹಿಕ ಶಿಕ್ಷಕನಾಗಿದ್ದವನು ಎಂಬುದು ನಿಮಗೆಲ್ಲ ಗೊತ್ತಿದೆ. ಅದೇ ಕಾರಣಕ್ಕೆ ಶಿವಮೊಗ್ಗದ ಒಂದು ಖಾಸಗಿ ಕಚೇರಿಯವರು ತಮ್ಮ ಸಿಬ್ಬಂದಿಗೆ ಆಟ ಆಡಿಸಲು ಕರೆದಿದ್ದರು. ವಾರಕ್ಕೊಂದೇ ರಜೆ, ಅದೇ ದಿನ, ಬೆಳಿಗ್ಗೆ ಎಂಟಕ್ಕೆ, ಜಿಟಿಜಿಟಿ ಮಳೆಯಲ್ಲಿ. ಭದ್ರಾವತಿ, ಹೊಳೆಹೊನ್ನೂರು, ಆಯನೂರಿನಿಂದ ಬೆಳಗಿನ ಬಸ್ ಹಿಡಿದು ಬಂದವರಿದ್ದರು. ತಿಂಡಿ ಮಾತ್ರ ಹತ್ತೂವರೆಗೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಕಾಟಾಚಾರಕ್ಕೆ ಎಳೆದರು. ವ್ಯವಸ್ಥಾಪಕರು ಮೈಕ್ ಕೈಗೆತ್ತಿಕೊಂಡು, ಮನಸ್ಸಿಲ್ಲದವರಿಂದಲೇ ತಂಡ ಸೋಲುವುದು ಎಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ಹಿಂದಿನ ರಾತ್ರಿ ತಿಂಗಳ ಲೆಕ್ಕ ಮುಗಿಸಿ ಮನೆ ಸೇರುವಾಗ ಹನ್ನೊಂದು ದಾಟಿತ್ತಂತೆ.

ಮನಸ್ಸು ಮಾಡಿದ ಮಾತ್ರಕ್ಕೆ ಮೈಯಲ್ಲಿ ಕಸುವು ಹುಟ್ಟುವುದಿಲ್ಲ. ಅದಕ್ಕೆ ನಿದ್ದೆ ಬೇಕು, ಹೊತ್ತಿಗೆ ಸರಿಯಾಗಿ ಊಟ ಬೇಕು, ನಡುನಡುವೆ ಬಿಡುವು ಬೇಕು. ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯದ ಅಂಶ ಇರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿಯೇ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಶೇ 0.03 ದಾಟಿದರೆ ವಾಹನ ಓಡಿಸುವುದೇ ಅಪರಾಧ. ಬೆಳಿಗ್ಗೆ ಐದಕ್ಕೆದ್ದ ಹುಡುಗ ರಾತ್ರಿ ಹತ್ತಕ್ಕೆ ಬೈಕ್ ಹತ್ತಿದರೆ ಅವನದು ಇದೇ ಸ್ಥಿತಿ. ಹತ್ತರವರೆಗೆ ಅವನ ಕೈಯಲ್ಲಿ ಲೆಕ್ಕ ಬರೆಸಿ, ಮರುದಿನ ತಪ್ಪು ಹುಡುಕಿ ಬೈಯುವುದು ಯಾವ ನ್ಯಾಯ?

ಹಗ್ಗ ಎಳೆಯುವ ಬಲವನ್ನೇ ಅಳೆದು ನೋಡಿದವರಿದ್ದಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಂಟು ಜನ ಕೂಡಿದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಹಾಕುವುದರ ಅರ್ಧಕ್ಕೆ ಇಳಿಯುತ್ತದೆ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಒಂದು ಕಾರಣ. ಇನ್ನೊಂದು, ತನ್ನ ಶ್ರಮ ಗುಂಪಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂಬ ಭಾವ. ಗಟ್ಟಿಯಾಗಿ ಕೂಗುವ ಪ್ರಯೋಗವೊಂದನ್ನು 1981ರಲ್ಲಿ ಅಮೆರಿಕದಲ್ಲಿ ಮಾಡಿದಾಗ, ಪ್ರತಿಯೊಬ್ಬರ ಪಾಲೂ ಬೇರೆಯಾಗಿ ತಿಳಿಯುತ್ತದೆ ಎಂದು ಗೊತ್ತಾದ ಕೂಡಲೇ ಈ ಕೊರತೆ ಇಲ್ಲವಾಯಿತು. ಭಾನುವಾರ ಮೈಕ್ ಹಿಡಿದವರು ಒಬ್ಬರ ಹೆಸರನ್ನಾದರೂ ಹಿಡಿದು ಕರೆದರೇ? ಇಲ್ಲ. ಅವರಿಗೆ ಅಷ್ಟೂ ಜನರ ಹೆಸರು ಗೊತ್ತಿತ್ತೇ ಎಂಬುದೇ ನನಗೆ ಅನುಮಾನ.

ಖೊ ಖೊ ಆಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಕುಳಿತೇ ಇರುತ್ತಾರೆ, ಓಡುವವನು ಒಬ್ಬನೇ. ಓಡುವವನ ಉಸಿರು ತೀರುವ ಮೊದಲೇ ಕುಳಿತವನ ಬೆನ್ನು ಮುಟ್ಟಿ "ಖೊ" ಎನ್ನಬೇಕು. ಎದುರಾಳಿಗಳೂ ಒಟ್ಟಿಗೆ ಕಣಕ್ಕಿಳಿಯುವುದಿಲ್ಲ, ಮೂವರು ಮೂವರಾಗಿ ಬರುತ್ತಾರೆ. ದಣಿವನ್ನು ಹಂಚಿಕೊಳ್ಳುವುದು ಆ ಆಟದ ನಿಯಮದಲ್ಲೇ ಇದೆ. ನನ್ನ ಕೈಯಲ್ಲಿ ಬೆಳೆದ ಒಳ್ಳೆಯ ಆಟಗಾರರೆಲ್ಲ ಹೊತ್ತಿಗೆ ಸರಿಯಾಗಿ ಖೊ ಕೊಟ್ಟವರು. ತಾನೊಬ್ಬನೇ ಓಡಿ ಮುಗಿಸುತ್ತೇನೆ ಎಂದವನು ತಾನೂ ಬಳಲುತ್ತಿದ್ದ, ತಂಡವನ್ನೂ ಸೋಲಿಸುತ್ತಿದ್ದ. ಕಚೇರಿಗಳಲ್ಲಿ ನೋಡಿದರೆ ಅಂಥವನಿಗೇ ಶಾಲು ಹೊದಿಸುತ್ತಾರೆ!

"ನಮ್ಮ ಹಿರಿಯರು ಬೆಳಗಿನಿಂದ ಕತ್ತಲಾಗುವವರೆಗೆ ದುಡಿಯಲಿಲ್ಲವೇ?" ಎಂದು ಕೇಳುವವರು ನಿಮ್ಮಲ್ಲೂ ಇದ್ದೀರಿ. ದುಡಿದರು. ನಮ್ಮಮ್ಮ ಮಳೆಗೆ ಗೊರಬು ಹಾಕಿಕೊಂಡು ಭತ್ತದ ನಟ್ಟಿಗೆ ಇಳಿಯುತ್ತಿದ್ದುದನ್ನು ಕಂಡೇ ಬೆಳೆದವನು ನಾನು. ಆದರೆ ಗದ್ದೆಯ ಅಂಚಿಗೆ ಹೊತ್ತಿಗೆ ಸರಿಯಾಗಿ ಬಿಸಿ ಕಾಫಿ ಬರುತ್ತಿತ್ತು, ಕಡುಬು ಬರುತ್ತಿತ್ತು. ಹಾಡಿನ ಲಯಕ್ಕೆ ಎಲ್ಲರ ಕೈ ಒಟ್ಟಿಗೆ ಆಡುತ್ತಿತ್ತು. ಇಂದು ನಮ್ಮ ಗದ್ದೆಗೆ ಮುಯ್ಯಾಳಾಗಿ ಬಂದವರ ಗದ್ದೆಗೆ ನಾಳೆ ನಾವು ಹೋಗುತ್ತಿದ್ದೆವು, ಯಾರು ಎಷ್ಟು ನೆಟ್ಟರು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನಟ್ಟಿ ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಲು ದಿನಗಳಿದ್ದವು. ಇಷ್ಟನ್ನೆಲ್ಲ ಕಿತ್ತುಹಾಕಿ ದುಡಿಮೆಯ ಗಂಟೆಗಳನ್ನಷ್ಟೇ ಹಿರಿಯರಿಂದ ಎರವಲು ತರಬೇಡಿ.

ತುರ್ತು ಕೆಲಸ ಎನ್ನುತ್ತೀರಾ? ಮೊದಲನೆಯ ಮಹಾಯುದ್ಧದ ನಡುವೆ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಿಗೆ ಇದ್ದದ್ದಕ್ಕಿಂತ ದೊಡ್ಡ ತುರ್ತು ಇರಲಾರದು. ಅಲ್ಲಿನ ಕಾರ್ಮಿಕರ ಆರೋಗ್ಯ ನೋಡಲು 1915ರಲ್ಲಿ ಸಮಿತಿಯೇ ರಚನೆಯಾಯಿತು. ಅದಕ್ಕಾಗಿ ಸಂಶೋಧಕ ಎಚ್.ಎಂ. ವರ್ನನ್ ಲೆಕ್ಕ ಹಾಕಿದಾಗ, ತೀರಾ ಉದ್ದವಾಗಿದ್ದ ಕೆಲಸದ ಅವಧಿಯನ್ನು ಇಳಿಸಿದ ಕಡೆ ಒಟ್ಟು ಉತ್ಪಾದನೆ ಹೆಚ್ಚಿದ್ದು ಕಂಡುಬಂತು. ಶತಮಾನದ ಹಿಂದೆಯೇ ಗೊತ್ತಾದ ಸಂಗತಿಯನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿದೆ.

ನನಗೆ ಇಷ್ಟು ಸಿಟ್ಟು ಬರಲು ಮನೆಯೊಳಗಿನ ಕಾರಣವೂ ಇದೆ. ಬೆಂಗಳೂರಿನಲ್ಲಿರುವ ಮಗಳು ರಾತ್ರಿ ಫೋನ್ ಮಾಡಿದರೆ ಮಾತಿನ ನಡುವೆಯೇ ನಿದ್ದೆ ಹೋಗುತ್ತಾಳೆ. ಊಟ ಮಾಡಿದೆಯಾ ಎಂದು ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ. ಆ ತೂಕಡಿಸುತ್ತಿದ್ದ ಹುಡುಗಿಯ ಮುಖ ನೋಡಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ, ವಾರದ ರಜೆಯನ್ನೂ ಕೊಟ್ಟಿದೆ. ಆ ರಜೆಯನ್ನು ಕಿತ್ತುಕೊಂಡು ಯಾವ ತಂಡವನ್ನೂ ಕಟ್ಟಲಾಗದು. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೆ, ರಾತ್ರಿ ಎಂಟಾದರೂ ಯಾರು ಇನ್ನೂ ಕುಳಿತಿದ್ದಾರೆ ಎಂದು ಈ ವಾರ ಎದ್ದು ಹೋಗಿ ನೋಡಿ. ಅವರ ಕೆಲಸದಲ್ಲಿ ಅರ್ಧವನ್ನು ಯಾರಿಗೆ ಹಂಚಬಹುದು ಎಂದು ಅವರನ್ನೇ ಕೇಳಿ, ಅಂದೇ ಮನೆಗೆ ಕಳುಹಿಸಿ. ಆಟ ಆಡಿಸಲೇಬೇಕೆಂದಿದ್ದರೆ ಕೆಲಸದ ದಿನವೇ ಇಟ್ಟುಕೊಳ್ಳಿ, ತಿಂಡಿ ಕೊಟ್ಟ ಮೇಲೆ ಶುರು ಮಾಡಿ. ಕರೆದರೆ ಶಿಳ್ಳೆ ಹಿಡಿದುಕೊಂಡು ನಾನೂ ಬರುತ್ತೇನೆ, ದುಡ್ಡು ಬೇಡ.